ಡೆಂಗಿ ನಾಟಕದ ತಂಡಕ್ಕೆ ಕ್ರಷರ್ ವಿಷಯ ಯಾಕೆ ಬೇಡ?

ಪ್ರಶ್ನೆ: ಹಳೆ ಮೈಸೂರು ಭಾಗದ ಒಂದು ತಾಲ್ಲೂಕಿನಲ್ಲಿ ನಾನು ಎಂಟು ಜನರ ಬೀದಿನಾಟಕ ತಂಡ ನಡೆಸುತ್ತಿದ್ದೇನೆ. ಹನ್ನೆರಡು ವರ್ಷಗಳಿಂದ ಸರ್ಕಾರಿ ಇಲಾಖೆಗಳು ಕೊಡುವ ಜಾಗೃತಿ ಕಾರ್ಯಕ್ರಮಗಳಿಂದಲೇ ನಮ್ಮ ಜೀವನ ನಡೆಯುತ್ತಿದೆ. ಹತ್ತಿರದ ಒಂದು ಹಳ್ಳಿಯವರು ಕಲ್ಲುಗಣಿ ಮತ್ತು ಕ್ರಷರ್ ವಿರುದ್ಧ ಧರಣಿ ಕೂತಿದ್ದಾರೆ. ಸ್ಫೋಟಕ್ಕೆ ಮನೆಗಳ ಗೋಡೆ ಬಿರುಕು ಬಿಟ್ಟಿವೆ, ಬೆಳೆಯ ಮೇಲೆಲ್ಲ ದೂಳು ಕೂತಿದೆ. ಅವರು ನಮ್ಮನ್ನು ನಾಟಕ ಆಡಲು ಕರೆದಾಗ ನಾನು ತಕ್ಷಣ ಒಪ್ಪಲಿಲ್ಲ. ಆಗ ಒಬ್ಬ ಹುಡುಗ, ‘ಕೈ ತೊಳೆಯೋದು ಹೇಗೆ ಅಂತ ಹೇಳ್ಕೊಡೋಕೆ ಬರ್ತೀರಿ, ಇದಕ್ಕೆ ಬರಲ್ವಾ ಅಣ್ಣಾ?’ ಎಂದ. ತಂಡದಲ್ಲಿ ಭಿನ್ನಾಭಿಪ್ರಾಯವಿದೆ. ತಮಟೆ ಬಾರಿಸುವವರ ತಮ್ಮ ಅದೇ ಕ್ರಷರ್‌ನಲ್ಲಿ ಟಿಪ್ಪರ್ ಓಡಿಸುತ್ತಾನೆ. ನಟಿಯೊಬ್ಬರು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹಿರಿಯರೊಬ್ಬರು ‘ಕಲೆ ಬೇರೆ, ರಾಜಕೀಯ ಬೇರೆ’ ಎನ್ನುತ್ತಾರೆ. ಕಲಾವಿದನಾದ ನನಗೆ ಹೋರಾಟಕ್ಕೆ ಇಳಿಯುವ ಹೊಣೆ ಇದೆಯೇ? ಮುಂದಿನ ತಿಂಗಳು ಅದೇ ಹಳ್ಳಿಯಲ್ಲಿ ನಮಗೆ ಡೆಂಗಿ ಜಾಗೃತಿಯ ಕಾರ್ಯಕ್ರಮವೂ ಇದೆ. ಅದನ್ನು ಮಾಡಬೇಕೋ, ಬಿಡಬೇಕೋ?

ಉತ್ತರ: ನೀವು ಕೇಳಿರುವುದು ಹೊಣೆಯ ಪ್ರಶ್ನೆ. ಆದರೆ ಪತ್ರವನ್ನು ಎರಡು ಸಲ ಓದಿದ ಮೇಲೆ, ನಿಮ್ಮ ನಿದ್ದೆ ಕೆಡಿಸಿರುವುದು ಆ ಹುಡುಗನ ಮಾತು ಎಂದು ನನಗೆ ತೋರಿತು. ಅವನು ಕೇಳುವ ಮೊದಲೇ ಅದು ನಿಮ್ಮ ಮನಸ್ಸಿಗೂ ಬಂದಿದ್ದಿರಬೇಕು. ಇನ್ನೊಂದು ಕಡೆ ಎಂಟು ಮನೆಗಳ ಅನ್ನವಿದೆ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ‘ಕಲಾವಿದ ಸಮಾಜದ ಕಣ್ಣು’ ಎಂದೆಲ್ಲ ಹೇಳಿ ನಿಮ್ಮನ್ನು ಧರಣಿಯ ಚಪ್ಪರಕ್ಕೆ ಕಳಿಸುವುದು ನನಗೆ ಸುಲಭ, ಏಕೆಂದರೆ ಬಿಲ್ಲು ನಿಲ್ಲುವುದು ನಿಮ್ಮದು, ನನ್ನದಲ್ಲ. ಹಾಗಾಗಿ ನಿಧಾನವಾಗಿ ನೋಡೋಣ.

ಮೊದಲು ನಿಮ್ಮ ತಂಡದ ಹಿರಿಯರ ಮಾತು. ಕಲೆಯೂ ರಾಜಕೀಯವೂ ಬೇರೆ ಎನ್ನುವುದು ನಮ್ಮ ಪರಂಪರೆ ಎಂದು ಅವರು ನಂಬಿರಬಹುದು; ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಬ್ರಿಟಿಷ್ ಸರ್ಕಾರ 1876ರಲ್ಲಿ ನಾಟಕ ಪ್ರದರ್ಶನ ನಿಯಂತ್ರಣ ಕಾಯ್ದೆ ತಂದದ್ದೇ ಬಂಗಾಳದ ರಂಗಭೂಮಿ ನೀಲಿ (ಇಂಡಿಗೊ) ತೋಟದ ದೊರೆಗಳ ಕ್ರೌರ್ಯವನ್ನೂ ಆಳುವವರ ನಡವಳಿಕೆಯನ್ನೂ ರಂಗದ ಮೇಲೆ ತರತೊಡಗಿದ್ದರಿಂದ. ನಾಟಕಕ್ಕೆ ರಾಜಕೀಯ ಬೇಡವೆಂದು ಮೊದಲು ಕಾನೂನು ಮಾಡಿದವರು ನಾಟಕದವರಲ್ಲ. ನಮ್ಮಲ್ಲಿಯೂ ಯಕ್ಷಗಾನದ ಹಾಸ್ಯಗಾರ ದೂತನ ವೇಷದಲ್ಲಿ ಬಂದು ಊರಿನ ಪಟೇಲರನ್ನು ಎದುರಿಗೆ ಕೂರಿಸಿಕೊಂಡೇ ಚುಚ್ಚುತ್ತಿದ್ದ, ಪಟೇಲರೂ ನಗುತ್ತಿದ್ದರು. ಯಕ್ಷಗಾನಕ್ಕಾಗಿ ಆಯುಷ್ಯ ಸವೆಸಿದ ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂತಿರುಗಿಸಿದರು, ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿ ಸೋತರು.

ಇದರ ಎದುರಿಗೆ ಇನ್ನೊಂದು ಮಿಥ್ಯೆಯೂ ಬೆಳೆದಿದೆ. ಬೀದಿಗಿಳಿಯದ ಕಲಾವಿದ ಅಂಜುಬುರುಕ ಅಥವಾ ಮಾರಿಕೊಂಡವನು ಎನ್ನುವುದು ಅದು. ನನ್ನ ಯೌವನದಲ್ಲಿ ನಾನೂ ಹೀಗೆ ಮಾತಾಡಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ರಂಗಸಂಸ್ಥೆ ಕಟ್ಟಿದರು. 1985ರಿಂದ ಅಲ್ಲಿನ ‘ತಿರುಗಾಟ’ ತಂಡ ಊರೂರಿಗೆ ಒಳ್ಳೆಯ ನಾಟಕಗಳನ್ನು ಒಯ್ಯುತ್ತಾ ಬಂದಿದೆ. ಘೋಷಣೆ ಕೂಗದೆಯೇ ಒಂದು ನಾಡಿನ ನೋಡುವ ಕಣ್ಣನ್ನು ತಿದ್ದಿದ ಕೆಲಸ ಅದು. ‘ಸಮುದಾಯ’ ಎಂಬ ರಂಗಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಪ್ರಸನ್ನ ಅವರು ಮುಂದೆ ಅದೇ ಹೆಗ್ಗೋಡಿನಲ್ಲಿ ಕೈಮಗ್ಗದ ಕೆಲಸಕ್ಕೆ ತೊಡಗಿದರು, 2017ರಲ್ಲಿ ಕೈಉತ್ಪನ್ನಗಳ ಮೇಲಿನ ಜಿಎಸ್‌ಟಿ ವಿರುದ್ಧ ಉಪವಾಸ ಕೂತರು. ಒಬ್ಬರ ದಾರಿಯಿಂದ ಇನ್ನೊಬ್ಬರ ದಾರಿಯನ್ನು ಅಳೆಯಲು ಬರುವುದಿಲ್ಲ.

ಹಾಗಾದರೆ ಹೊಣೆ ಇದೆಯೇ? ನನ್ನ ಉತ್ತರ ಹೀಗಿದೆ. ಕ್ರಷರ್ ವಿರುದ್ಧ ನಿಲ್ಲುವ ಹೊಣೆ ನಿಮಗೆ ಎಷ್ಟಿದೆಯೋ ಅದೇ ಊರಿನ ಡಾಕ್ಟರಿಗೂ ದಿನಸಿ ಅಂಗಡಿಯವರಿಗೂ ಅಷ್ಟೇ ಇದೆ. ಅದು ನಾಗರಿಕರ ಹೊಣೆ. ಬಣ್ಣ ಹಚ್ಚುತ್ತೇವೆ ಎಂಬ ಕಾರಣಕ್ಕೆ ನಮ್ಮ ಮೇಲೆ ಹೆಚ್ಚಿನ ಸಾಲವೇನೂ ಇಲ್ಲ. ಆದರೆ ಕಲಾವಿದನಿಗೆ ಮಾತ್ರ ಸಲ್ಲುವ ಒಂದು ಹೊಣೆ ಉಂಟು: ಆಡುವ ವಿಷಯದ ಬಗ್ಗೆ ಸುಳ್ಳಾಡದಿರುವುದು. ಧರಣಿಯಲ್ಲಿ ಆಡಿದರೂ ಇಲಾಖೆಯ ಹಣಕ್ಕೆ ಆಡಿದರೂ ಇದರಿಂದ ಬಿಡುಗಡೆಯಿಲ್ಲ.

ನೀವು ಸಿಕ್ಕಿಕೊಂಡಿರುವ ಇಕ್ಕಟ್ಟು ನಿಮ್ಮೊಬ್ಬರದ್ದಲ್ಲ, ಅದಕ್ಕೊಂದು ಹಿನ್ನೆಲೆಯಿದೆ. ನಮ್ಮ ಬೀದಿನಾಟಕ ಹುಟ್ಟಿದ್ದು ಪ್ರತಿಭಟನೆಯಲ್ಲಿ. ‘ಸಮುದಾಯ’ 1975ರಲ್ಲಿ ಆರಂಭವಾಯಿತು; 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತ ಬೀದಿನಾಟಕ ಕರ್ನಾಟಕದ ಬಸ್ ನಿಲ್ದಾಣ, ಸಂತೆ ಮೈದಾನಗಳಲ್ಲಿ ನಡೆಯಿತು; 1979ರಲ್ಲಿ ಜಾಥಾ ಹಳ್ಳಿಗಳಿಗೆ ಹೋಯಿತು. ಅದೇ ಹೊತ್ತಿಗೆ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಸಿದ್ದಲಿಂಗಯ್ಯನವರ ಹಾಡುಗಳು ತಮಟೆಯ ಜೊತೆ ಕೇಳಿಬರುತ್ತಿದ್ದವು. ನಂತರ 1990ರ ಸುಮಾರಿಗೆ ಸಾಕ್ಷರತಾ ಆಂದೋಲನ ಬಂತು. ಅದು ಸರ್ಕಾರವೂ ಚಳವಳಿಯೂ ಕೈಜೋಡಿಸಿದ ಅಪರೂಪದ ಕಾಲ. ಹೋರಾಟದಲ್ಲಿ ಪಳಗಿದ ನೂರಾರು ಹುಡುಗ ಹುಡುಗಿಯರು ಅಕ್ಷರದ ಹಾಡು ಹಾಡುತ್ತಾ ಊರೂರು ಸುತ್ತಿದರು. ಇಲಾಖೆಗಳು ಈ ರೂಪದ ಶಕ್ತಿಯನ್ನು ಕಂಡುಕೊಂಡದ್ದು ಆಗ. ಶೌಚಾಲಯ, ಬಾಲ್ಯವಿವಾಹ, ಮತದಾನ, ಡೆಂಗಿ ಎಂದು ವಿಷಯಗಳು ಬಂದವು. ಸಂಭಾವನೆ ಬಂತು, ಕಾರ್ಯಾದೇಶ ಬಂತು, ಪಿಡಿಒ ಸಹಿ ಮಾಡಿದ ದೃಢೀಕರಣ ಪತ್ರ ಮತ್ತು ಜಿಪಿಎಸ್ ಫೋಟೊ ಇಲ್ಲದೆ ಬಿಲ್ಲು ಪಾಸಾಗದ ಕಾಲವೂ ಬಂತು. ಮಾರ್ಚ್ ಬಂದರೆ ದಿನಕ್ಕೆ ಮೂರು ಊರು, ಏಪ್ರಿಲ್‌ನಲ್ಲಿ ಖಾಲಿ. ಇದರಲ್ಲಿ ತಪ್ಪೇನಿಲ್ಲ, ಹಸಿದ ಕಲಾವಿದರ ಹೊಟ್ಟೆಗೆ ಒಂದಿಷ್ಟು ಆಸರೆ ಸಿಕ್ಕಿತು. ಆದರೆ ತಮಟೆ, ವೃತ್ತದಲ್ಲಿ ನಿಲ್ಲುವ ನಟರು, ಜನರ ಮಧ್ಯದಿಂದ ಎದ್ದು ಪ್ರಶ್ನೆ ಕೇಳುವ ಪಾತ್ರ, ಇವೆಲ್ಲ ಅಧಿಕಾರವನ್ನು ಪ್ರಶ್ನಿಸಲೆಂದು ರೂಪಗೊಂಡ ಉಪಕರಣಗಳು. ಅದೇ ಉಪಕರಣಗಳು ಜನರಿಗೆ ಬುದ್ಧಿ ಹೇಳಲು ಬಳಕೆಯಾದಾಗ ನೋಡುವವರಿಗೆ ಏನೋ ಕಸಿವಿಸಿಯಾಗುತ್ತದೆ. ಆ ಹುಡುಗನಿಗೆ ಈ ಚರಿತ್ರೆ ಗೊತ್ತಿರಲಿಕ್ಕಿಲ್ಲ. ಆದರೂ ಅವನ ಮಾತು ನೇರವಾಗಿ ಅಲ್ಲಿಗೇ ತಾಗಿತು.

ಸರ್ಕಾರದ ಹಣ ಪಡೆದವರು ಸರ್ಕಾರವನ್ನಾಗಲಿ ಗಣಿ ಮಾಲೀಕರನ್ನಾಗಲಿ ಪ್ರಶ್ನಿಸುವಂತಿಲ್ಲ ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅದು ಕಾನೂನಿನ ಮಾತಲ್ಲ. ನೀವು ಸರ್ಕಾರಿ ನೌಕರರಲ್ಲ. ಪ್ರತಿ ಕಾರ್ಯಕ್ರಮಕ್ಕೆ ಇಷ್ಟೆಂದು ಸಂಭಾವನೆ ಪಡೆಯುವ ಹೊರಗಿನ ತಂಡ. ನೌಕರರ ನಡತೆ ನಿಯಮಗಳು ನಿಮಗೆ ಅನ್ವಯಿಸುವುದಿಲ್ಲ. ಸಂವಿಧಾನದ 19(1)(ಎ) ವಿಧಿ ಕೊಟ್ಟಿರುವ ಅಭಿವ್ಯಕ್ತಿ ಸ್ವಾತಂತ್ರ್ಯ ನಿಮಗೂ ಇದೆ. ಯಾರೋ ಗಲಾಟೆ ಮಾಡುತ್ತೇವೆಂದು ಬೆದರಿಸಿದ ಮಾತ್ರಕ್ಕೆ ಆ ಸ್ವಾತಂತ್ರ್ಯವನ್ನು ಹತ್ತಿಕ್ಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಒಂದು ತಮಿಳು ಚಿತ್ರದ ಪ್ರಕರಣದಲ್ಲಿಯೇ ಹೇಳಿದೆ. ಆದರೆ ಹಕ್ಕು ಇರುವುದು ಬೇರೆ, ಮುಂದಿನ ವರ್ಷ ಇಲಾಖೆಯ ಪಟ್ಟಿಯಲ್ಲಿ ನಿಮ್ಮ ಹೆಸರಿರುವುದು ಬೇರೆ. ನಿಮ್ಮನ್ನು ಕೈಬಿಟ್ಟರೆ ಯಾರೂ ಕಾರಣ ಬರೆದು ಕೊಡುವುದಿಲ್ಲ. ಫೋನ್ ಬರುವುದು ನಿಲ್ಲುತ್ತದೆ, ಅಷ್ಟೇ. ಅತಿಥಿ ಶಿಕ್ಷಕಿಯ ಸ್ಥಿತಿ ಇನ್ನೂ ನಾಜೂಕು. ಜೂನ್‌ನಲ್ಲಿ ಮತ್ತೆ ಕರೆಯದಿದ್ದರೆ ಅವರು ಯಾರ ಬಾಗಿಲು ತಟ್ಟಬೇಕು?

ಹೋರಾಟದ ಬೆಲೆ ಎಂದಾಗ ನಮಗೆ ದೊಡ್ಡ ಹೆಸರುಗಳು ನೆನಪಾಗುತ್ತವೆ. ತುರ್ತುಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾಗಿ ಬೆಂಗಳೂರಿನ ಜೈಲಿನಲ್ಲಿ ಅಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿ. 1989ರ ಜನವರಿ 1ರಂದು ದೆಹಲಿ ಬಳಿಯ ಸಾಹಿಬಾಬಾದ್‌ನಲ್ಲಿ ಕಾರ್ಮಿಕರ ಮುಂದೆ ನಾಟಕ ಆಡುತ್ತಿದ್ದಾಗ ಹಲ್ಲೆಗೊಳಗಾಗಿ ಮರುದಿನ ಮೃತಪಟ್ಟ ಸಫ್ದರ್ ಹಾಶ್ಮಿ. ಸಫ್ದರ್ ತಂಡದವರು ಜನವರಿ 4ರಂದು ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತಿದ್ದ ನಾಟಕವನ್ನು ಆಡಿ ಮುಗಿಸಿದರು. ಇವರನ್ನು ನೆನೆಯಬೇಕು. ಆದರೆ ತಾಲ್ಲೂಕು ಮಟ್ಟದಲ್ಲಿ ಬೆಲೆ ತೆರುವವರು ಬಹಳ ಸಲ ಕಲಾವಿದರೇ ಆಗಿರುವುದಿಲ್ಲ. ಇದನ್ನು ನಾನು ಕಲಿತದ್ದು ಬೇರೆಯವರ ಖರ್ಚಿನಲ್ಲಿ.

ಎಂಬತ್ತರ ದಶಕದಲ್ಲಿ ನಮ್ಮ ತಂಡ ಒಂದು ಹಳ್ಳಿಗೆ ಜೀತದ ಬಗ್ಗೆ ನಾಟಕ ಆಡಲು ಹೋಗಿತ್ತು. ಆಡಲು ಜಾಗ ತೋರಿಸಿದವನು, ತಮಟೆ ಕಾಯಿಸಲು ಹುಲ್ಲು ತಂದವನು, ಸಾಹುಕಾರನ ಪಾತ್ರಧಾರಿಗೆ ಕೂರಲು ತನ್ನ ಮನೆಯ ಮರದ ಸ್ಟೂಲು ಕೊಟ್ಟವನು ಎಲ್ಲ ಒಬ್ಬನೇ, ಇಪ್ಪತ್ತು ಇಪ್ಪತ್ತೆರಡರ ಒಬ್ಬ ಕೂಲಿ ಯುವಕ. ನಾಟಕ ಭರ್ಜರಿಯಾಗಿ ನಡೆಯಿತು. ನಾವು ಏಳೂವರೆಯ ಕಡೇ ಬಸ್ಸು ಹತ್ತಿ, ಹಾಡು ಹೇಳಿಕೊಂಡು ಊರಿಗೆ ಬಂದೆವು. ತಿಂಗಳ ನಂತರ ಸಂತೆಯಲ್ಲಿ ಅವನು ಸಿಕ್ಕ. ಮಾರನೆಯ ದಿನದಿಂದಲೇ ಅವನನ್ನು ಯಾರೂ ಕೂಲಿಗೆ ಕರೆಯುತ್ತಿರಲಿಲ್ಲ. ಅವನು ನಮ್ಮನ್ನು ಬೈಯಲಿಲ್ಲ. ‘ಆ ಸ್ಟೂಲು ನಮ್ಮನೇದು ಅಂತ ಊರಿಗೆಲ್ಲ ಗೊತ್ತಲ್ಲ ಸಾರ್’ ಎಂದಷ್ಟೇ ಹೇಳಿದ. ಕಡೇ ಬಸ್ಸು ಹತ್ತುವವರು ಧೈರ್ಯದ ಬಗ್ಗೆ ಮಾತಾಡುವಾಗ ಸ್ವಲ್ಪ ಸಂಕೋಚವಿರಬೇಕು ಎಂದು ಅಂದಿನಿಂದ ನನಗೆ ಅನಿಸಿದೆ. ನಿಮ್ಮ ಸ್ಥಿತಿ ವ್ಯತಿರಿಕ್ತ. ನಿಮಗೆ ಹತ್ತಲು ಕಡೇ ಬಸ್ಸೇ ಇಲ್ಲ; ನೀವು ಅದೇ ತಾಲ್ಲೂಕಿನವರು. ನಿಮ್ಮ ಹಿಂಜರಿಕೆಯನ್ನು ಹೇಡಿತನ ಎಂದು ಕರೆಯಲು ನಾನು ಸಿದ್ಧನಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ತಂಡದ ಹೆಸರಿನಲ್ಲಿಯೇ ಹೋಗಿ ಧರಣಿಯಲ್ಲಿ ನಾಟಕ ಆಡುವುದು ಮೊದಲನೆಯದು. ಇದಕ್ಕೆ ಎಂಟೂ ಜನರ ಒಪ್ಪಿಗೆ ಬೇಕು, ಅದೂ ಬಹುಮತದ ಒಪ್ಪಿಗೆಯಲ್ಲ. ಐದು ಜನ ಕೈ ಎತ್ತಿದರೆಂದು ಉಳಿದ ಮೂವರ ಅನ್ನವನ್ನು ಪಣಕ್ಕಿಡುವ ಅಧಿಕಾರ ತಂಡದ ನಾಯಕನಿಗಿಲ್ಲ. ಕೆಲವರು ಇಂಥ ಸಂದರ್ಭದಲ್ಲಿ ಬೇರೊಂದು ಹೆಸರಿನ ಬ್ಯಾನರ್ ಕಟ್ಟಿ ಆಡುತ್ತಾರೆ. ಬೆಂಗಳೂರಿನಲ್ಲಿ ಅದು ನಡೆದೀತು, ತಾಲ್ಲೂಕಿನಲ್ಲಿ ನಿಮ್ಮ ಧ್ವನಿ ಕೇಳಿದರೇ ಜನ ಗುರುತು ಹಿಡಿಯುತ್ತಾರೆ.

ಒಪ್ಪಿಗೆ ಸಿಕ್ಕಿತೆಂದಿಟ್ಟುಕೊಳ್ಳಿ, ಆಗ ಮೊದಲ ಕೆಲಸ ತಾಲೀಮು ಅಲ್ಲ, ಕಾಗದಪತ್ರ. ಗಣಿ ಇರುವುದು ಗೋಮಾಳದಲ್ಲೋ, ಖರಾಬಿನಲ್ಲೋ, ಖಾಸಗಿ ಜಮೀನಿನಲ್ಲೋ? ಕ್ರಷರ್‌ಗೆ ಪರವಾನಗಿ ಇದೆಯೇ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಇದೆಯೇ, ಸ್ಫೋಟಕ್ಕೆ ಅನುಮತಿ ಪಡೆದಿದ್ದಾರೆಯೇ? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು; ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಧರಣಿ ಕೂತವರಲ್ಲಿ ಯಾರಾದರೂ ಈಗಾಗಲೇ ಕೇಳಿರಬಹುದು. ಸಂಗೀತಗಾರ ಟಿ.ಎಂ. ಕೃಷ್ಣ ಅವರು 2017ರ ಆರಂಭದಲ್ಲಿ ಚೆನ್ನೈನ ಎಣ್ಣೂರು ಅಳಿವೆಯ ಮಾಲಿನ್ಯವನ್ನು ಕುರಿತು ಪೊರಂಬೋಕು ಜಾಗದ ಹಾಡನ್ನು ಕರ್ನಾಟಕ ಸಂಗೀತದ ರಾಗಗಳಲ್ಲಿ ಹಾಡಿ ಚಿತ್ರೀಕರಿಸಿದಾಗ, ಅದರ ಬೆನ್ನಿಗೆ ಆ ಅಳಿವೆಯ ವಿಷಯದಲ್ಲಿ ವರ್ಷಗಟ್ಟಲೆ ದಾಖಲೆ ಕೂಡಿಸಿದವರಿದ್ದರು. ಪೊರಂಬೋಕು ಎಂದರೆ ನಮ್ಮ ದಕ್ಷಿಣ ಕನ್ನಡದ ದಾಖಲೆಗಳ ಪರಂಬೋಕು, ನಿಮ್ಮ ಕಡೆಯ ಗೋಮಾಳ, ಕೆರೆಯಂಗಳ ಇದ್ದ ಹಾಗೆ, ಎಲ್ಲರಿಗೂ ಸೇರಿದ ನೆಲ. ಗಟ್ಟಿ ಮಾಹಿತಿ ಕೈಯಲ್ಲಿದ್ದುದರಿಂದಲೇ ಆ ಹಾಡಿಗೆ ಕೂಗಾಡುವ ಅಗತ್ಯ ಬೀಳಲಿಲ್ಲ.

ಮಾಲೀಕರ ಹೆಸರನ್ನು ನಾಟಕದಲ್ಲಿ ತರಬೇಡಿ. ಮಾನನಷ್ಟದ ಮೊಕದ್ದಮೆ ಹೂಡಿ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆಸುವುದು ಹಣವಿರುವವರಿಗೆ ಸುಲಭದ ಆಯುಧ. ಮೈಕಿಗೆ ಲಿಖಿತ ಅನುಮತಿ ಬೇಕು, ರಾತ್ರಿ 10ರ ನಂತರ ಹಚ್ಚುವಂತಿಲ್ಲ. ಪೊಲೀಸ್ ಠಾಣೆಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ. ನಮ್ಮ ಕಾಲದಲ್ಲಿ ಇರದಿದ್ದ ಅಪಾಯ ಇನ್ನೊಂದಿದೆ. ನೀವು ನಲವತ್ತು ನಿಮಿಷ ಆಡುತ್ತೀರಿ, ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವುದು ಹದಿನೈದು ಸೆಕೆಂಡಿನ ತುಣುಕು. ಹಿಂದುಮುಂದು ಕತ್ತರಿಸಿದರೆ ಬೇರೆ ಅರ್ಥ ಬರುವ ಸಾಲುಗಳು ಯಾವುವೆಂದು ತಾಲೀಮಿನಲ್ಲೇ ನೋಡಿಕೊಳ್ಳಿ, ಮತ್ತು ಪೂರ್ತಿ ಪ್ರದರ್ಶನವನ್ನು ನೀವೇ ಚಿತ್ರೀಕರಿಸಿ ಇಟ್ಟುಕೊಳ್ಳಿ.

ನಾಟಕ ಹೇಗಿರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಮ್ಮ ಕಸುಬಿನ ಹೊಣೆ ಇರುವುದು ಅಲ್ಲಿಯೇ. ಸಾರಾಯಿ ವಿರುದ್ಧ ನಾವೊಂದು ನಾಟಕ ಆಡುತ್ತಿದ್ದೆವು. ಅದರಲ್ಲಿ ಕುಡುಕನ ಪಾತ್ರ ಬಹಳ ಜನಪ್ರಿಯವಾಗಿತ್ತು. ಅವನು ತೂರಾಡಿಕೊಂಡು ಬಂದರೆ ಸಾಕು, ಶಿಳ್ಳೆ. ಒಂದೂರಿನಲ್ಲಿ ನಾಟಕ ಮುಗಿದ ಮೇಲೆ ಹೆಂಗಸೊಬ್ಬರು ನಮಗೆ ಕಾಫಿ ಕೊಡುತ್ತಾ, ‘ನಿಮ್ಮ ಕುಡುಕ ಚೆನ್ನಾಗವ್ನೆ ಕಣಪ್ಪ, ನಮ್ಮನೇಲಿ ಹಂಗಿಲ್ಲ’ ಎಂದರು. ಮುಂದಿನ ಪ್ರದರ್ಶನಕ್ಕೆ ನಾವು ಕುಡುಕನನ್ನೇ ತೆಗೆದುಹಾಕಿದೆವು. ರಾತ್ರಿ ಒಂಬತ್ತು ಗಂಟೆ, ಹೊರಗೆ ಚಪ್ಪಲಿಯ ಸದ್ದು, ಒಳಗೆ ತಟ್ಟೆ ಮುಚ್ಚಿಟ್ಟ ತಾಯಿ, ಸದ್ದಿಗೆ ಬೆಚ್ಚಿ ನಿದ್ದೆ ನಟಿಸುವ ಮಕ್ಕಳು, ಇಷ್ಟೇ. ಶಿಳ್ಳೆ ನಿಂತಿತು. ನಿಮ್ಮ ಕ್ರಷರ್ ನಾಟಕದಲ್ಲೂ ಮೀಸೆ ತಿರುವುವ ಧಣಿ ಬರುವ ಸಾಧ್ಯತೆ ಬಹಳವಿದೆ. ಅವನನ್ನು ಬಿಟ್ಟುಬಿಡಿ. ಸ್ಫೋಟದ ಹೊತ್ತಾಗುತ್ತಲೇ ಯಾರೂ ಹೇಳದೆ ಕಿವಿ ಮುಚ್ಚಿಕೊಳ್ಳುವ ಶಾಲೆಯ ಮಕ್ಕಳನ್ನು ತನ್ನಿ. ಟಿಪ್ಪರ್ ಓಡಿಸುವವನನ್ನೂ ತನ್ನಿ, ಆದರೆ ಶತ್ರುವಾಗಿ ಬೇಡ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್ ತರುತ್ತದೆ. ದಿನವಿಡೀ ಆ ದೂಳಿನಲ್ಲಿ ನಿಂತು ದುಡಿಯುವವರಿಗೆ ಅದರ ಅಪಾಯ ಎಲ್ಲರಿಗಿಂತ ಹೆಚ್ಚು. ನಿಮ್ಮ ತಮಟೆಯವರ ತಮ್ಮ ಆ ಕ್ರಷರ್‌ನಿಂದ ಉಣ್ಣುತ್ತಿರುವವನೂ ಹೌದು, ಉಸಿರು ಕಳೆದುಕೊಳ್ಳಬಹುದಾದವನೂ ಹೌದು. ಇದನ್ನು ಬಿಟ್ಟು ಆಡಿದರೆ ನಾಟಕ ಅರ್ಧ ಸುಳ್ಳಾಗುತ್ತದೆ.

ಎರಡನೆಯ ದಾರಿಯೇ ನನಗೆ ನಿಮ್ಮ ಸಂದರ್ಭಕ್ಕೆ ಹೆಚ್ಚು ಸರಿಯೆನಿಸುತ್ತದೆ. ನೀವು ಆಡಬೇಡಿ, ಆಡುವುದನ್ನು ಹಳ್ಳಿಯವರಿಗೇ ಕಲಿಸಿ. ಐದಾರು ಸಂಜೆ ಸಾಕು. ತಮ್ಮದೇ ಗೋಡೆಯ ಬಿರುಕನ್ನು ತಮ್ಮದೇ ಮಾತಿನಲ್ಲಿ ತಹಶೀಲ್ದಾರರ ಮುಂದೆ ಆಡಿ ತೋರಿಸುವ ಹೆಂಗಸಿನ ನಟನೆಯಲ್ಲಿ ನೂರು ದೋಷಗಳಿದ್ದರೂ ಅದನ್ನು ತಳ್ಳಿಹಾಕುವುದು ಕಷ್ಟ. ಬಾಡಿಗೆಗೆ ಬಂದ ತಂಡವೆಂದು ಯಾರೂ ಅನ್ನಲಾರರು. ಇಲ್ಲಿನ ಅಪಾಯವೆಂದರೆ ಸ್ಟೂಲು ಕೊಟ್ಟ ಹುಡುಗನ ಕತೆಯೇ. ಮುಂದೆ ನಿಂತವರಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಯಾರು ಆಡುತ್ತಾರೆಂಬುದನ್ನು ನೀವು ಆರಿಸಬೇಡಿ, ಅವರೇ ತೀರ್ಮಾನಿಸಲಿ, ಮತ್ತು ಕಲಿಸಿದವರು ಯಾರೆಂದು ಕೇಳಿದರೆ ನಿಮ್ಮ ಹೆಸರು ಹೇಳಲು ಅವರಿಗೆ ಮೊದಲೇ ಅನುಮತಿ ಕೊಡಿ. ಅದನ್ನು ಕೊಡಲಾರಿರಾದರೆ ಕಲಿಸಲೂ ಹೋಗಬೇಡಿ.

ತಂಡವನ್ನು ಬದಿಗಿಟ್ಟು, ಒಬ್ಬ ನಾಗರಿಕನಾಗಿ ಧರಣಿಯಲ್ಲಿ ಒಂದು ದಿನ ಹೋಗಿ ಕೂರುವುದೂ ಒಂದು ದಾರಿಯೇ. ಯಾವುದೂ ಆಗದೆಂದರೆ, ಆಗದು ಎಂದು ಅವರಿಗೆ ನೇರವಾಗಿ ಹೇಳಿ. ‘ನೋಡೋಣ’ ಎಂದು ಹೇಳಿ ಫೋನ್ ಎತ್ತದಿರುವುದಕ್ಕಿಂತ ಅದು ಎಷ್ಟೋ ಮೇಲು. ನಾಟಕದಿಂದ ಗಣಿ ನಿಂತುಬಿಡುತ್ತದೆ ಎಂಬ ಭರವಸೆಯನ್ನಂತೂ ಯಾರಿಗೂ ಕೊಡಬೇಡಿ. 1982ರಲ್ಲಿ ರಾಜ್‌ಕುಮಾರ್ ಅವರು ಬಂದ ಮೇಲೆ ಗೋಕಾಕ್ ಚಳವಳಿ ಊರೂರಿನದಾಯಿತು ಎಂಬುದನ್ನು ಎಲ್ಲರೂ ಉದಾಹರಿಸುತ್ತಾರೆ. ಅದಕ್ಕೆ ಮೊದಲು ಸಾಹಿತಿಗಳೂ ಸಂಘಟನೆಗಳೂ ನೆಲ ಹದಮಾಡಿದ್ದವು, ವರದಿಯೊಂದು ಕೈಯಲ್ಲಿತ್ತು. ಕಲಾವಿದರು ಬಂದರೆ ಜನ ಸೇರುತ್ತಾರೆ. ಸೇರಿದ ಜನಕ್ಕೆ ಮುಂದೇನು ಎಂದು ಹೇಳುವ ಕೆಲಸ ಬೇರೆಯವರು ಮಾಡಿರಬೇಕು.

ಕೊನೆಯದಾಗಿ ಡೆಂಗಿ ಕಾರ್ಯಕ್ರಮ. ಅದನ್ನು ಮಾಡಿ. ಆದರೆ ಅದರೊಳಗೆ ಕ್ರಷರ್ ಅನ್ನು ಕದ್ದುಮುಚ್ಚಿ ತೂರಿಸಬೇಡಿ. ಒಂದು ವಿಷಯಕ್ಕೆ ಹಣ ಪಡೆದು ಇನ್ನೊಂದನ್ನು ಆಡಿದರೆ ಇಲಾಖೆಗೂ ಮೋಸ, ಸಹಿ ಮಾಡುವ ಪಿಡಿಒಗೂ ತೊಂದರೆ. ಹಾಗೆಂದು ಬರೆದುಕೊಟ್ಟ ಮಾತುಗಳನ್ನು ಗಿಳಿಪಾಠ ಒಪ್ಪಿಸಿಯೂ ಬರಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯಲ್ಲಿ ಶೇಖರಿಸಿಟ್ಟ ನೀರಿನಲ್ಲಿ. ಆ ಊರಿನ ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮೊದಲು ವಿಚಾರಿಸಿಕೊಳ್ಳಿ. ವಾರಕ್ಕೊಮ್ಮೆ ಬರುವುದಾದರೆ, ‘ಡ್ರಮ್ಮಿನಲ್ಲಿ ನೀರು ತುಂಬಿಡಬೇಡಿ’ ಎಂಬ ಸಾಲನ್ನು ಅಲ್ಲಿ ಹೇಳುವುದು ಕ್ರೌರ್ಯ. ಡ್ರಮ್ಮನ್ನು ಬಟ್ಟೆ ಕಟ್ಟಿ ಮುಚ್ಚುವುದು ಹೇಗೆ, ವಾರಕ್ಕೊಮ್ಮೆ ಬರಿದುಮಾಡಿ ಉಜ್ಜುವುದು ಹೇಗೆ ಎಂದು ತೋರಿಸಿ. ನೀರು ವಾರಕ್ಕೊಮ್ಮೆ ಬರುತ್ತದೆ ಎಂಬ ಮಾತನ್ನೂ ಪಾತ್ರದ ಬಾಯಲ್ಲಿ ಇದ್ದಂತೆಯೇ ಇಡಿ. ಇಲಾಖೆಯ ಯಾವ ಅಧಿಕಾರಿಯೂ ಇದಕ್ಕೆ ಆಕ್ಷೇಪಿಸಿದ್ದನ್ನು ನಾನು ಕಂಡಿಲ್ಲ.

ಆಟ ಮುಗಿದು ಜಿಪಿಎಸ್ ಫೋಟೊ ತೆಗೆದಾದ ಮೇಲೆ ತಕ್ಷಣ ವ್ಯಾನು ಹತ್ತಬೇಡಿ. ತಮಟೆಯನ್ನು ವ್ಯಾನಿನಲ್ಲಿಟ್ಟು ಬಂದು ಯಾರದಾದರೂ ಜಗಲಿಯ ಮೇಲೆ ಕುಳಿತು ಬಿರುಕಿನ ಗೋಡೆ ತೋರಿಸಲು ಹೇಳಿ, ಆ ಹುಡುಗನನ್ನೂ ಕರೆಯಿರಿ. ಅದಕ್ಕೂ ಮೊದಲು, ಅಂದರೆ ಈ ವಾರದಲ್ಲಿಯೇ, ನಿಮ್ಮ ತಮಟೆಯವರ ಮನೆಗೆ ಒಬ್ಬರೇ ಹೋಗಿ ಬನ್ನಿ. ಅವರ ತಮ್ಮ ರಜೆಯಿರುವ ದಿನ ನೋಡಿಕೊಂಡು ಹೋಗಿ.